‘ಆಯ್ತು’ ಅನ್ನಬಾರದ ಜಾಗ

ಫೋನ್ ಇಡುವ ಮುಂಚೆ ನಾವೆಲ್ಲ ಅನ್ನುವ ಮಾತೊಂದಿದೆ. "ಆಯ್ತು, ಇಡ್ತೀನಿ." ನನಗೆ ಅದು ಈಗಲೂ ಸಲೀಸಾಗಿ ಬರುವುದಿಲ್ಲ. ನಾಲಿಗೆಯ ತುದಿಗೆ ಬಂದ ಕೂಡಲೇ ಕಣ್ಣ ಮುಂದೆ ಒಂದು ಹಳದಿ ಯಂತ್ರ ನಿಲ್ಲುತ್ತದೆ. ಅದರ ಎದುರಿಗೆ ಬಗ್ಗಿದ ಒಂದು ಬೆನ್ನು. ಆ ಬೆನ್ನಿನ ಕಡೆಗೆ ಬೀಪ್ ಬೀಪ್ ಎನ್ನುತ್ತ ಹಿಮ್ಮುಖವಾಗಿ ಬರುತ್ತಿರುವ ಲಾರಿ. ನಾನು ಮಾತು ನುಂಗಿ ಸುಮ್ಮನಾಗುತ್ತೇನೆ. ಬೆಂಗಳೂರಿನಿಂದ ಅಕ್ಕ ಕೂಗುತ್ತಾಳೆ, "ಏನೇ, ಲೈನ್ ಹೋಯ್ತಾ?"

"ಇಲ್ಲ ಕಣೇ, ಇದೀನಿ."

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಸ್ಯಾನ್ ಡಿಯಾಗೋದ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಊರಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ, ಗಂಡನ ಟೆಲಿಕಾಂ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದವಳು. ನಮ್ಮ ಪರಿಚಯದ ಕನ್ನಡದವರೆಲ್ಲ ಏರ್‌ಕಂಡೀಷನ್ ಒಳಗೆ ಕೂತು ಕೆಲಸ ಮಾಡುತ್ತಿದ್ದರು. ನಾನೊಬ್ಬಳೇ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಹೋದಾಗ ಶೂಗಳನ್ನು ಬಾಗಿಲಾಚೆ ಅಲ್ಲ, ಗ್ಯಾರೇಜಿನಾಚೆ ಬಿಟ್ಟು ಬರಬೇಕಾಗಿತ್ತು, ಅಷ್ಟು ಡಾಂಬರು ಮೆತ್ತಿಕೊಂಡಿರುತ್ತಿತ್ತು. ರಸ್ತೆಗೋ ಪಾರ್ಕಿಂಗ್ ಲಾಟಿಗೋ ಡಾಂಬರು ಹಾಕುವಾಗ ಅದು ಸಾಕಷ್ಟು ಬಿಸಿ ಇದೆಯೇ, ದಪ್ಪ ಸರಿ ಇದೆಯೇ, ರೋಲರ್ ಹರಿದ ಮೇಲೆ ಗಟ್ಟಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಹಾಗಾಗಿ ದಿನವಿಡೀ ಡಾಂಬರು ಹಾಸುವ ಯಂತ್ರದ ಪಕ್ಕದಲ್ಲೇ ನನ್ನ ಓಡಾಟ.

ಆ ಯಂತ್ರವನ್ನು ಪೇವರ್ ಅನ್ನುತ್ತಾರೆ. ಮುಂದೆ ಒಂದು ದೊಡ್ಡ ಕಬ್ಬಿಣದ ತೊಟ್ಟಿ, ಹಿಂದೆ ಬಿಸಿ ಇಸ್ತ್ರಿಪೆಟ್ಟಿಗೆಯಂಥ ಅಗಲವಾದ ಹಲಗೆ. ಲಾರಿ ಹಿಮ್ಮುಖವಾಗಿ ಬಂದು ತೊಟ್ಟಿಗೆ ಬಿಸಿ ಡಾಂಬರು ಸುರಿಯುತ್ತದೆ. ಯಂತ್ರ ಆ ಲಾರಿಯನ್ನೇ ಮುಂದಕ್ಕೆ ತಳ್ಳಿಕೊಂಡು ನಿಧಾನಕ್ಕೆ ತೆವಳುತ್ತ, ತನ್ನ ಹಿಂದೆ ಕರಿಯ ಚಾಪೆ ಹಾಸಿಕೊಂಡು ಹೋಗುತ್ತದೆ. ಆಪರೇಟರು ಮೇಲೆ, ಒಂದು ಪಕ್ಕಕ್ಕಿರುವ ಸೀಟಿನಲ್ಲಿ ಕೂತಿರುತ್ತಾನೆ. ಹಲಗೆ ಹಿಂದೆ, ಲಾರಿ ಮುಂದೆ, ಎರಡನ್ನೂ ನೋಡಬೇಕು. ಆದರೆ ತೊಟ್ಟಿಯ ಮೂತಿಯ ಕೆಳಗೆ ಏನಿದೆ ಎಂಬುದು ಮಾತ್ರ ಅವನಿಗೆ ಕಾಣುವುದಿಲ್ಲ.

ಒಂದು ದಿನ, ಊರಿನ ಉತ್ತರದ ಲಾ ಹೋಯಾದಲ್ಲಿ, ಯೂನಿವರ್ಸಿಟಿ ಹಿಂದಿನ ಒಂದು ರಸ್ತೆಯಲ್ಲಿ, ಥರ್ಮಾಮೀಟರ್ ಚುಚ್ಚಲು ಹೋಗಿ ಬೆರಳು ತಾಗಿಸಿಕೊಂಡು "ಅಯ್ಯಯ್ಯೋ ಸುಟ್ಟೋಯ್ತು" ಎಂದು ಕುಣಿದಾಡಿದೆ. ಯಂತ್ರದ ಮೇಲಿನಿಂದ ಧ್ವನಿ ಬಂತು.

"ಗ್ಲೋಸ್ ಹಾಕ್ಲಿಲ್ವಾ ಮಾರಾಯ್ರೆ?"

ತಲೆಯೆತ್ತಿ ನೋಡಿದೆ. ಹಳದಿ ಹೆಲ್ಮೆಟ್, ದಪ್ಪ ಮೀಸೆ, ಕಿವಿಯಲ್ಲಿ ಹತ್ತಿ. ನಾನು ಬಾಯಿ ತೆರೆಯುವ ಮೊದಲೇ ಅವರು ಯಂತ್ರ ಆಫ್ ಮಾಡಿ, ಏಣಿಗೆ ಮುಖ ಮಾಡಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಬೆರಳಿನ ಮೇಲೆ ನೀರಿನ ಜಗ್ ಬಗ್ಗಿಸಿದರು. "ಅಂಟಿದ್ದನ್ನು ಕೀಳ್ಬೇಡಿ. ಚರ್ಮ ಸಮೇತ ಬರ್ತದೆ. ತಣ್ಣೀರು ಹೊಯ್ತಾ ಇರಿ. ಎಲ್ಲಿಯವರು? ಬೆಂಗಳೂರಾ? ಮಾತು ಕೇಳಿದ್ರೇ ಗೊತ್ತಾಗ್ತದೆ, ಸುಟ್ಟೋಯ್ತು ಅಂತೆ!"

ಅವರು ಉಡುಪಿಯ ಕಡೆಯವರು. ಮೊದಲು ಗಲ್ಫಿನಲ್ಲಿ ರಸ್ತೆ ಹಾಕಿ, ಆಮೇಲೆ ಹೆಂಡತಿಯ ಅಣ್ಣ ಕರೆಸಿಕೊಂಡದ್ದರಿಂದ ಇಲ್ಲಿಗೆ ಬಂದವರು. ಅಣ್ಣನ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಲ್ಲುವುದು ಅವರಿಗೆ ಒಗ್ಗಲಿಲ್ಲವಂತೆ. "ಸಾಮಾನು ತಗೊಂಡು ಹೋಗ್ತಾರೆ, ತಿಂದು ಮುಗಿಸ್ತಾರೆ. ನಾನು ಹಾಕಿದ ರಸ್ತೆ ಯಾರು ತಿಂತಾರೆ?" ಎಂದು ಕೇಳುತ್ತಿದ್ದರು. ಮಾತಿನಲ್ಲಿ ಕೊಂಚವೂ ಸಂಕೋಚವಿಲ್ಲ. ತಾವು ಹಾಸಿದ ರಸ್ತೆಯ ಮೇಲೆ ಲೋಟದ ತುಂಬ ಕಾಫಿ ಇಟ್ಟುಕೊಂಡು ಕಾರು ಓಡಿಸಬಹುದು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಡಾಂಬರು ತಣ್ಣಗಾಗಿದೆ, ಈ ಲಾರಿ ವಾಪಸ್ ಕಳಿಸಿ ಎಂದು ನಾನು ಹೇಳಿದರೆ, "ನಿಮ್ಮ ಥರ್ಮಾಮೀಟರಿಗೆ ಶೀತ ಆಗಿದೆ" ಎಂದು ಗೇಲಿ ಮಾಡುತ್ತಿದ್ದರು. ಆಮೇಲೆ ವಾಪಸ್ಸೂ ಕಳಿಸುತ್ತಿದ್ದರು.

ಬೆರಳಿಗೆ ಪಟ್ಟಿ ಕಟ್ಟುತ್ತ ಮೊದಲ ದಿನವೇ ಅವರು ನನಗೆ ಒಂದು ಎಚ್ಚರಿಕೆ ಕೊಟ್ಟರು.

"ಒಂದು ವಿಷಯ. ನಾವಿಬ್ಬರೂ ಕನ್ನಡದವರು ಹೇಳಿ ಇಲ್ಲಿ ಬಾಯಿಗೆ ಬಂದದ್ದು ಮಾತಾಡ್ಲಿಕ್ಕಿಲ್ಲ. ಮುಖ್ಯವಾಗಿ ‘ಆಯ್ತು’ ಹೇಳ್ಲಿಕ್ಕಿಲ್ಲ."

"ಯಾಕೆ ಅಂಕಲ್?"

"ಅಂಕಲ್ ಎಂತದ್ದು? ಮೀಸೆ ಇನ್ನೂ ಕಪ್ಪುಂಟಲ್ಲ! ಕೇಳಿ. ಇಲ್ಲಿ ಕೆಳಗೆ ಕೆಲಸ ಮಾಡುವವರೆಲ್ಲ ಮೆಕ್ಸಿಕೋದವರು. ಅವರ ಭಾಷೆಯಲ್ಲಿ ‘ಆಲ್ತೊ’ ಅಂದ್ರೆ ನಿಲ್ಸು. ನಮ್ಮ ಆಯ್ತು, ಅವರ ಆಲ್ತೊ. ಈ ಇಂಜಿನ್ ಗಲಾಟೆಯಲ್ಲಿ ಎರಡೂ ಒಂದೇ. ಹೊಸತರಲ್ಲಿ ನಾನು ಫೋರ್‌ಮನ್ ಹೇಳಿದ್ದಕ್ಕೆಲ್ಲ ಆಯ್ತು ಆಯ್ತು ಅಂತಿದ್ದೆ. ನಾನು ಅಂದ ಹಾಗೆಲ್ಲ ಲಾರಿ ನಿಲ್ತಿತ್ತು, ರೋಲರ್ ನಿಲ್ತಿತ್ತು. ಫೋರ್‌ಮನ್ ಮಂಡೆ ಬಡ್ಕೊಂಡ."

"ಮತ್ತೆ ಏನ್ ಮಾಡಿದ್ರಿ?"

"ಆಯ್ತು ಬಿಟ್ಟು ‘ಸರಿ’ ಹಿಡಿದೆ. ಆಗ ನೋಡಿ, ಎಲ್ಲರೂ ಬಂದು ಬಂದು ಭುಜ ತಟ್ಟಿ ಪರವಾಗಿಲ್ಲ ಪರವಾಗಿಲ್ಲ ಅನ್ನೋದು! ಎಂತ ಒಳ್ಳೆ ಜನ ಅಂತ ನಾನು. ಎಷ್ಟೋ ದಿನದ ಮೇಲೆ ಗೊತ್ತಾಯ್ತು, ಅವರ ಕಿವಿಗೆ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಸಾರಿ ಕೇಳ್ತಿದ್ದೆ. ಈಗ ‘ಹೂಂ’ ಒಂದೇ. ಅದು ಯಾವ ದೇಶಕ್ಕೂ ತಪ್ಪಾಗೋದಿಲ್ಲ."

"ಈಗ ನೀವೇ ಎಷ್ಟು ಸಲ ಆಯ್ತು ಅಂದ್ರಿ ಅಂಕಲ್!"

"ಈಗ ಇಂಜಿನ್ ಆಫ್ ಉಂಟಲ್ಲ," ಎಂದು ಅವರು ಕಣ್ಣು ಮಿಟುಕಿಸಿದರು.

ಪ್ರಯತ್ನಪಟ್ಟು ನೋಡಿ, ಒಂದು ದಿನ ‘ಆಯ್ತು’ ಇಲ್ಲದೆ ಕನ್ನಡ ಮಾತಾಡಲು. ಒಪ್ಪಿದರೂ ಆಯ್ತು, ಮುಗಿದರೂ ಆಯ್ತು, ಜಗಳ ಸಾಕು ಎನ್ನಲೂ ಆಯ್ತು. ನಾವಿಬ್ಬರೂ ಯಂತ್ರದ ಸುತ್ತ ಹೂಂಗುಟ್ಟುತ್ತ ಓಡಾಡುತ್ತಿದ್ದೆವು.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವರು ಯಂತ್ರವನ್ನು ಒಂದು ಸುತ್ತು ಬರುತ್ತಿದ್ದರು. ಕೆಳಗಿನವರು ಅದನ್ನು ಪೂಜೆ ಎಂದು ತಿಳಿದು, ಅವರು ಸುತ್ತುವಾಗ ಟೋಪಿ ತೆಗೆದು ನಿಲ್ಲುತ್ತಿದ್ದರು. "ಪ್ರದಕ್ಷಿಣೆಯಲ್ಲ ಮಾರಾಯ್ರೆ, ಎಣ್ಣೆ ಸೋರ್ತದಾ ನೋಡೋದು, ಗ್ಯಾಸ್ ಪೈಪು ಸಡಿಲ ಉಂಟಾ ನೋಡೋದು, ಅಡಿಯಲ್ಲಿ ಯಾರಾದ್ರೂ ಮಲಗಿದ್ದಾರಾ ನೋಡೋದು," ಎಂದು ನನಗೆ ಹೇಳಿದರು. ಆದರೆ ಕೆಳಗಿನವರಿಗೆ ಹೇಳಿ ತಿದ್ದಲಿಲ್ಲ. ಅವರು ಟೋಪಿ ತೆಗೆಯುವುದು ಅಂಕಲ್‌ಗೆ ಇಷ್ಟವಾಗಿತ್ತೆಂದು ಕಾಣುತ್ತದೆ. ಸೀಟಿಗೆ ಹತ್ತಿದ ಮೇಲೆ, ಯಂತ್ರ ಅಲ್ಲಾಡುವ ಮೊದಲು, ಒಂದು ಸಲ ಹಾರ್ನ್. ಲಾರಿಯನ್ನು ಕರೆಯಲೂ ಒಂದು ಹಾರ್ನ್. ನಿಲ್ಲಿಸಲು ಉದ್ದನೆಯ ಹಾರ್ನ್. ಕೈಸನ್ನೆಗಳೂ ಇದ್ದವು: ಮುಷ್ಟಿ ಎತ್ತಿದರೆ ನಿಲ್ಲು, ಅಂಗೈ ಬೀಸಿದರೆ ಬಾ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದು ಜಾಗದ್ದು. ಒಂದು ಲಾರಿ ಖಾಲಿಯಾಗಿ ಹೋಗಿ ಇನ್ನೊಂದು ಬರುವ ನಡುವೆ, ತೊಟ್ಟಿಯ ಮುಂದೆ ನೆಲದ ಮೇಲೆ ಸ್ವಲ್ಪ ಡಾಂಬರು ಚೆಲ್ಲಿರುತ್ತದೆ. ಅದನ್ನು ಸಲಿಕೆಯಿಂದ ತೆಗೆಯದಿದ್ದರೆ ಯಂತ್ರ ಅದರ ಮೇಲೆ ಹತ್ತಿ ಹಿಂದಿನ ಚಾಪೆಯಲ್ಲಿ ಅಲೆ ಏಳುತ್ತದೆ. ತೆಗೆಯಲು ಒಬ್ಬ ಮನುಷ್ಯ ಯಂತ್ರಕ್ಕೂ ಬರುವ ಲಾರಿಗೂ ನಡುವೆ ನುಗ್ಗಬೇಕು. "ಆ ಜಾಗದಲ್ಲಿ ಮನುಷ್ಯ ಇದ್ದಾನೆ ಅಂದ್ರೆ ಲಾರಿಯನ್ನು ಕರೀಲಿಕ್ಕಿಲ್ಲ. ದೇವರೇ ಬಂದು ಹೇಳಿದ್ರೂ ಕರೀಲಿಕ್ಕಿಲ್ಲ," ಎನ್ನುತ್ತಿದ್ದರು ಅಂಕಲ್.

ಆ ಜಾಗಕ್ಕೆ ನುಗ್ಗುತ್ತಿದ್ದವನು ಗಡಿಯಾಚೆ, ಮೆಕ್ಸಿಕೋದ ಟಿಹ್ವಾನಾದಲ್ಲಿ ಹುಟ್ಟಿ, ಈಚೆ ಬಂದು ಮನೆ ಮಾಡಿದವನು. ನನ್ನ ಗಂಡನ ವಯಸ್ಸು. ಹೆಣ್ಣುಮಕ್ಕಳ ಫೋಟೋಗಳನ್ನು ಹೆಲ್ಮೆಟ್ಟಿನ ಒಳಗೆ ಅಂಟಿಸಿಕೊಂಡಿದ್ದ. ಬೆವರು ತಾಗಿ ಹಾಳಾದರೆ ಹೊಸದು ಅಂಟಿಸುತ್ತಿದ್ದ. ನಾನು ‘ಅಂಕಲ್’ ಅನ್ನುವುದನ್ನು ಕೇಳಿ ಅದರ ಅರ್ಥ ಹಿಡಿದು, ತನ್ನ ಭಾಷೆಯಲ್ಲಿ ಅವರನ್ನು ‘ತೀಯೊ’ ಎಂದು ಕರೆಯಲು ಶುರುಮಾಡಿದ. ಮಧ್ಯಾಹ್ನ ಅಂಕಲ್ ತಮ್ಮ ನೀರುದೋಸೆಯನ್ನು ಫಾಯಿಲ್‌ನಲ್ಲಿ ಸುತ್ತಿ ಇಂಜಿನ್ನಿನ ಮುಚ್ಚಳದ ಮೇಲೆ ಬಿಸಿಗಿಡುತ್ತಿದ್ದರು. ಪಕ್ಕದಲ್ಲೇ ಇವನ ಮೆಕ್ಕೆಜೋಳದ ರೊಟ್ಟಿ, ತೋರ್ತಿಯಾ. ಅದಲುಬದಲು ನಡೆಯುತ್ತಿತ್ತು. ಇವನು ನೀರುದೋಸೆಯನ್ನು ಬೆಳಕಿಗೆ ಹಿಡಿದು, "ತೀಯೊ, ಇದಕ್ಕೆ ಹಿಟ್ಟು ಹಾಕೋದು ಮರ್ತಿದ್ದಾರೆ" ಎನ್ನುತ್ತಿದ್ದ.

ಅಂಕಲ್‌ಗೆ ಯಾರನ್ನು ಕಂಡರೂ ಮಧ್ಯಾಹ್ನದ ಮೇಲೆ "ಊಟ ಆಯ್ತಾ?" ಎಂದು ಕೇಳುವ ಅಭ್ಯಾಸ. ಲಾರಿ ಡ್ರೈವರ್‌ಗಳನ್ನೂ ಬಿಡುತ್ತಿರಲಿಲ್ಲ. ಸಲಿಕೆಯ ಗೆಳೆಯ ಅದನ್ನು ಬಾಯಿಪಾಠ ಮಾಡಿಕೊಂಡ. "ಊಟ ಆಯ್ತಾ, ತೀಯೊ?" "ಆಯ್ತು!" ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಿದ್ದ. ಕ್ರಮೇಣ ಆ ಮಾತು ಊಟ ಬಿಟ್ಟು ಕೆಲಸಕ್ಕೆ ಬಂತು. ಚೆಲ್ಲಿದ್ದನ್ನು ಬಾಚಿ ಮುಗಿಸಿ, ಸಲಿಕೆಯನ್ನು ತೊಟ್ಟಿಗೆ ಟಣ್ಣೆಂದು ಬಡಿದು, "ಆಯ್ತು, ತೀಯೊ!" ಎಂದು ಕೂಗಿ ಪಕ್ಕಕ್ಕೆ ಬರುವನು. ಅಂಕಲ್ ನಗುತ್ತ ಹಾರ್ನ್ ಹೊಡೆದು ಲಾರಿ ಕರೆಯುವರು.

"ಬ್ಯಾನ್ ಮಾಡಿದವರೇ ನೀವು," ಎಂದೆ ನಾನು.

ಅವರು ಮೀಸೆ ತೀಡಿದರು. "ಗೊತ್ತುಂಟು. ಅವನ ಬಾಯಲ್ಲಿ ಕೇಳ್ಲಿಕ್ಕೆ ಚಂದ ಆಗ್ತದೆ ಮಾರಾಯ್ರೆ. ಮನೆಯಲ್ಲಿ ಮಗಳಿಗೆ ಎಂತ ಹೇಳಿದ್ರೂ ‘ಓಕೆ ಡ್ಯಾಡ್’. ನನಗೆ ಆಯ್ತು ಹೇಳುವವನು ಅಂದ್ರೆ ಅವನೊಬ್ಬ."

ನನ್ನ ಹೊಟ್ಟೆಯಲ್ಲಿ ಆಗ ಮಗನಿದ್ದ. ಇವನೂ ಹೀಗೇ ಓಕೆ ಮಾಮ್ ಅನ್ನುವನೇನೋ ಎಂದುಕೊಂಡೆ. ಹೇಗೂ ಸಲಿಕೆಯ ಟಣ್ ಶಬ್ದ ಇದೆಯಲ್ಲ, ಅದು ಆ ಮಾತಿಗೆ ಕಾವಲು ಎಂದು ನನಗೂ ಅನ್ನಿಸಿತ್ತು.

ಆ ವರ್ಷಗಳಲ್ಲಿ ಲಾಸ್ ಏಂಜಲೀಸ್ ಕಡೆ ಭೂಕಂಪದಲ್ಲಿ ಬಿರುಕುಬಿಟ್ಟ ಪಾರ್ಕಿಂಗ್ ಲಾಟ್‌ಗಳ ರಿಪೇರಿ ನಡೆಯುತ್ತಿತ್ತು. ನಮ್ಮ ತಂಡಕ್ಕೂ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಒಂದು ಆಫೀಸ್ ಪಾರ್ಕ್ ಸಿಕ್ಕಿತು. ಸ್ಯಾನ್ ಡಿಯಾಗೋದ ಸಮುದ್ರದ ಗಾಳಿಗೆ ಒಗ್ಗಿದ ನಮಗೆ ಅಲ್ಲಿನ ಸೆಕೆ ಹೊಸದು. ಮೇಲೆ ಬಿಸಿಲು, ಕೆಳಗೆ ಡಾಂಬರು, ನಡುವೆ ನಾವು ಬೇಯುತ್ತಿದ್ದೆವು.

ಕಟ್ಟಡದ ಹಿಂಭಾಗದಲ್ಲಿ ಉದ್ದಕ್ಕೆ ನೇರವಾದ ಒಂದು ದಾರಿ ಇತ್ತು. ಅಂಕಲ್ ಬೆಳಿಗ್ಗೆಯೇ ಅದನ್ನು ನೋಡಿ ಖುಷಿಯಾಗಿದ್ದರು. "ಇದನ್ನು ಒಂದೇ ಉಸಿರಿನಲ್ಲಿ ಹಾಕ್ತೇನೆ, ನೋಡಿ. ಎಲ್ಲೂ ನಿಲ್ಸೋದಿಲ್ಲ." ಯಂತ್ರ ನಿಂತರೆ, ಹಿಂದಿನ ಬಿಸಿ ಹಲಗೆ ನಿಂತಲ್ಲೇ ಕೂತು ಅಡ್ಡಕ್ಕೆ ಒಂದು ಗುರುತು ಬೀಳುತ್ತದೆ. ರೋಲರ್ ಎಷ್ಟು ಉರುಳಿದರೂ ಪೂರ್ತಿ ಹೋಗುವುದಿಲ್ಲ. ಅವರಿಗೆ ಆ ಗುರುತೆಂದರೆ ಆಗದು. ಆದ್ದರಿಂದ ಲಾರಿ ಬದಲಾಗುವಾಗಲೂ, ತೊಟ್ಟಿಯಲ್ಲಿ ಉಳಿದ ಮಾಲಿನಲ್ಲೇ, ಯಂತ್ರವನ್ನು ತೀರಾ ನಿಧಾನಕ್ಕೆ ಮುಂದೆ ಬಿಡುತ್ತಿದ್ದರು. ತೆವಳುವ ಯಂತ್ರದ ಮುಂದೆ ಬಗ್ಗಿ ಬಾಚುವುದು ಸಲಿಕೆಯವನಿಗೂ ರೂಢಿಯಾಗಿತ್ತು. ಎಲ್ಲರಿಗೂ ರೂಢಿಯಾಗಿತ್ತು. ಬೀಪ್ ಬೀಪ್ ಕೂಡ ನಮ್ಮ ಕಿವಿಗೆ ಕೇಳುವುದು ನಿಂತುಹೋಗಿತ್ತು.

ಮಧ್ಯಾಹ್ನದ ಊಟ ಮುಗಿದಿತ್ತು. ಫೋರ್‌ಮನ್ ದೂರದ ಗೇಟಿನಲ್ಲಿ ಕಾರುಗಳನ್ನು ತಡೆಯುತ್ತಿದ್ದ. ಒಂದು ಲಾರಿ ಸುರಿದು ಮುಂದೆ ಹೋಯಿತು. ಹೋಗುವಾಗ ಹಿಂಬಾಗಿಲಿನಿಂದ ಎಂದಿಗಿಂತ ಹೆಚ್ಚು ಚೆಲ್ಲಿತು. ಸಲಿಕೆಯ ಗೆಳೆಯ ನುಗ್ಗಿದ. ಮುಂದಿನ ಲಾರಿ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ, ಹಾರ್ನಿಗೆ ಕಾಯುತ್ತ ನಿಂತಿತ್ತು. ಅದರ ಡ್ರೈವರ್ ಅಂದು ಹೊಸಬ. ನಾನು ಯಂತ್ರದ ಎಡಕ್ಕೆ, ಥರ್ಮಾಮೀಟರ್ ಹಿಡಿದುಕೊಂಡು, ತೊಟ್ಟಿಗೆ ಓರೆಯಾಗಿ ನಿಂತಿದ್ದೆ. ಹಾಗಾಗಿ ಮೂರೂ ನನಗೆ ಒಟ್ಟಿಗೆ ಕಾಣುತ್ತಿದ್ದವು: ಮೇಲೆ ಅಂಕಲ್, ಕೆಳಗೆ ಬಗ್ಗಿದ ಬೆನ್ನು, ಅತ್ತ ಲಾರಿ.

ಚೆಲ್ಲಿದ್ದು ಜಾಸ್ತಿ. ಯಂತ್ರ ತೆವಳಿಕೊಂಡು ಹತ್ತಿರ ಬರುತ್ತಿತ್ತು. ಅವನು ತಲೆಯೆತ್ತದೆ ಕೂಗಿದ.

"ಆಲ್ತೊ, ತೀಯೊ!"

ನನಗೆ ಸರಿಯಾಗಿ ಕೇಳಿಸಿತು. ನಾನು ಹತ್ತಿರವಿದ್ದೆ, ಕಿವಿಯಲ್ಲಿ ಹತ್ತಿ ಇರಲಿಲ್ಲ. ಅಂಕಲ್‌ಗೆ, ಸಲಿಕೆಯ ಟಣ್ ಇಲ್ಲದಿದ್ದರೂ, ದಿನವೂ ಕೇಳುವುದೇ ಕೇಳಿಸಿತು. ಅವರ ಮುಖದಲ್ಲಿ ದಿನದ ನಗು ಬಂತು. ಒಂದು ಹಾರ್ನ್ ಹೊಡೆದರು.

ಲಾರಿ ಬೀಪ್ ಎನ್ನುತ್ತ ಹಿಂದೆ ಬರತೊಡಗಿತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಾತ್ರೆ ತೊಳೆಯುವಾಗ, ಫ್ರೀವೇಯಲ್ಲಿ ಟ್ರಾಫಿಕ್ ನಿಂತಾಗ, ಯಾರದೋ ಮದುವೆ ವಿಡಿಯೋ ನೋಡುವಾಗ. ಒಮ್ಮೊಮ್ಮೆ ನಿಧಾನಕ್ಕೆ ನಡೆಯುತ್ತದೆ, ಒಮ್ಮೊಮ್ಮೆ ಬೇರೆ ಥರ ಮುಗಿಯುತ್ತದೆ. ನಡೆದದ್ದು ಇಷ್ಟು. ನಾನು ಇದ್ದಷ್ಟು ಶಕ್ತಿಯಿಂದ, ಆ ಕೆಲಸದ ಜಾಗದಲ್ಲಿ ಕೂಗಬೇಕಾದ ಮಾತನ್ನೇ ಕೂಗಿದೆ. "ಆಲ್ತೊ! ಆಲ್ತೊ!"

ಅಂಕಲ್ ನನ್ನ ಕಡೆ ನೋಡಿದರು. ನೋಡಿ, ನಮ್ಮವರು ಮಾತ್ರ ಆಡಿಸುವ ಹಾಗೆ ತಲೆಯನ್ನು ಅತ್ತಿತ್ತ ಆಡಿಸಿದರು. ಗೊತ್ತಾಯಿತು, ಆಗಲಿ ಎಂಬಂತೆ. ಆ ಪ್ರೀತಿಯ ತಲೆಯಾಟ, ಮೀಸೆಯಡಿಯ ಆ ನಗು ಕಂಡಾಗ ನನ್ನ ಮನಸ್ಸಿನಲ್ಲಿ ಮೂಡಿದ ಮಾತೂ ಅದೇ. ಆಯ್ತು. ಮುಗಿಯಿತು ಅನ್ನುವ ಅರ್ಥದಲ್ಲಿ. ಇವನ ಕಥೆ ಆಯ್ತು.

ಮುಷ್ಟಿ ಎತ್ತಬೇಕಿತ್ತು, ಅದು ಸನ್ನೆ. ಕೈಗೆ ಅದು ನೆನಪಾಗಲಿಲ್ಲ. ಥರ್ಮಾಮೀಟರ್ ಎಲ್ಲೋ ಬಿತ್ತು. ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ ಜೋಡಿಸಿದೆ. ಚಿಕ್ಕವಳಿದ್ದಾಗ ಅಪ್ಪ ಅಮ್ಮ ಜಗಳವಾಡಿದರೆ ನಡುವೆ ಅಜ್ಜಿ ಬಂದು ಹಾಗೆ ನಿಲ್ಲುತ್ತಿದ್ದರು: ನಿಮಗೆ ಕೈ ಮುಗೀತೀನಿ, ನಿಲ್ಸಿ.

ಅಂಕಲ್‌ರ ನಗು ಹೋಯಿತು. ಅವರ ಕೈ ಕೆಂಪು ಗುಂಡಿಯ ಮೇಲೆ ಬಿತ್ತು. ಯಂತ್ರ ಜಗ್ಗಿ ನಿಂತಿತು. ಇನ್ನೊಂದು ಕೈಯಲ್ಲಿ ಹಾರ್ನ್ ಒತ್ತಿ ಹಿಡಿದರು. ಅದು ಆ ಕಟ್ಟಡಗಳ ನಡುವೆ ಕೂಗುತ್ತಲೇ ಇತ್ತು. ಲಾರಿ ಬ್ರೇಕ್ ಹಾಕಿತು. ಹಾರ್ನ್ ನಿಂತ ಮೇಲೂ ಅದು ಒಂದು ಗೇಣು ಜಾರಿತು, ಆಗ ಎರಡು ಶಬ್ದ ಕೇಳಿದವು. ಒಂದು, ಮರದ ಹಿಡಿ ಮುರಿಯುವ ಚಟ್. ಇನ್ನೊಂದು, ಪ್ಲಾಸ್ಟಿಕ್ ಹೆಲ್ಮೆಟ್ ಲಾರಿಯ ಹಿಂಬಾಗಿಲಿಗೆ ತಾಗಿದ ಟಕ್, ಬಾಗಿಲು ತಟ್ಟಿದಷ್ಟು ಮೆಲ್ಲಗೆ.

ಅವನು ಆ ಸಂದಿಯಿಂದ ಏಡಿಯ ಹಾಗೆ ಪಕ್ಕಕ್ಕೆ ಸರಿದು ಹೊರಬಂದ. ಕೈಯಲ್ಲಿ ಸಲಿಕೆಯ ಅರ್ಧ ಹಿಡಿ ಇತ್ತು. ಉಳಿದರ್ಧ ಲಾರಿಯ ಚಕ್ರಕ್ಕೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕಟ್ಟೆಯ ಮೇಲೆ ಕೂತು, ಹೆಲ್ಮೆಟ್ ತೆಗೆದು, ಒಳಗಿದ್ದ ಫೋಟೋಗಳನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತ. ನಾನು ಅವನ ಪಕ್ಕ ಕುಸಿದೆ. ಅವನು ನನಗೇ ನೀರು ಕೊಟ್ಟ.

ಅಂಕಲ್ ಬಹಳ ಹೊತ್ತು ಇಳಿಯಲಿಲ್ಲ. ಆಮೇಲೆ ಎಂದಿನಂತೆ ಏಣಿಗೆ ಮುಖ ಮಾಡಿ, ಒಂದೊಂದೇ ಮೆಟ್ಟಿಲು ಇಳಿದರು. ನೇರ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹೆಗಲು, ಬೆನ್ನು, ಕಾಲು ಮುಟ್ಟಿ ಮುಟ್ಟಿ ನೋಡಿ, ತುಳುವಿನಲ್ಲಿ ಬೈಯತೊಡಗಿದರು. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ, ನನಗೂ ಇಲ್ಲ. ಅವನು ಮಾತ್ರ ಪ್ರತಿ ಬೈಗುಳಕ್ಕೂ ತಲೆಯಾಡಿಸುತ್ತಿದ್ದ.

ಅಂದು ಸಂಜೆ ಸ್ಯಾನ್ ಡಿಯಾಗೋಗೆ ವಾಪಸ್ಸು ಬರುವಾಗ ನಾನೇ ಡ್ರೈವ್ ಮಾಡಿದೆ. ಅಂಕಲ್ ಪಕ್ಕದಲ್ಲಿ ಕೂತಿದ್ದರು. ಸಮುದ್ರ ಕಾಣಿಸಿದ ಮೇಲೆ ಅವರೇ ಮಾತು ತೆಗೆದರು.

"ಅವನು ಆಯ್ತು ಹೇಳಿದ ಅಂತಲೇ ನನಗೆ ಕೇಳಿದ್ದು," ಎಂದರು. "ಆಮೇಲೆ ನೀವು ಕೂಡ ಆಯ್ತು ಹೇಳಿದ್ರಿ."

"ನಾನು ಆಲ್ತೊ ಅಂದೆ ಅಂಕಲ್."

"ನಿಮ್ಮ ಬಾಯಿಂದ ಆಲ್ತೊ ಬರ್ತದೆ ಅಂತ ನನ್ನ ಕಿವಿಗೆ ಹೇಗೆ ಗೊತ್ತಾಗ್ಬೇಕು? ನೀವು ಕನ್ನಡದವರಲ್ವಾ."

"ಮತ್ತೆ ಹೇಗೆ ನಿಲ್ಸಿದ್ರಿ?"

"ಕೈ ಮುಗಿದ್ರಲ್ಲ. ನನ್ನ ಹತ್ರ ದಿನಾ ಜಗಳಕ್ಕೆ ಬರುವವರು ನೀವು. ನೀವು ನನಗೆ ಕೈ ಮುಗೀಬೇಕಾದ್ರೆ ಎಂತದ್ದೋ ಆಗ್ಬಾರದ್ದು ಆಗ್ತಾ ಉಂಟು, ಅಷ್ಟು ಗೊತ್ತಾಯ್ತು." ಕಿಟಕಿಯ ಕಡೆ ತಿರುಗಿ ಹೇಳಿದರು, "ನಾಳೆ ಅವನು ಮತ್ತೆ ಆ ಜಾಗಕ್ಕೆ ಹೋಗ್ಬೇಕಲ್ಲ. ನಾನು ಮೇಲೆ ಕೂತಿರುವಾಗ ಹೇಗೆ ಹೋಗ್ತಾನೆ?"

ಮರುದಿನ ಅವರು ಸೀಟಿಗೆ ಹತ್ತಲಿಲ್ಲ. ಯಂತ್ರದ ಸುತ್ತ ಬಂದರು, ಮತ್ತೊಂದು ಸುತ್ತು ಬಂದರು, ಏಣಿ ಹಿಡಿದು ನಿಂತರು, ಕೈ ಬಿಟ್ಟರು. ಫೋರ್‌ಮನ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೊಸ ಕ್ರಮ ಹೇಳಿದ. ಮುಂದೆ ಮನುಷ್ಯ ನುಗ್ಗಿದರೆ ಯಂತ್ರ ಪೂರ್ತಿ ನಿಲ್ಲಬೇಕು, ಗುರುತು ಬಿದ್ದರೆ ಬೀಳಲಿ. ಬಾಯಿಮಾತಿಗೆ ಹಾರ್ನ್ ಹೊಡೆಯುವಂತಿಲ್ಲ. ಬಾಚಿದವನು ಹೊರಗೆ ಬಂದು ಆಪರೇಟರಿಗೆ ಮುಖ ತೋರಿಸಬೇಕು, ಮುಖ ಕಂಡ ಮೇಲೆ ಹಾರ್ನ್. ಎಲ್ಲರೂ ಹೌದೆಂದರು. ಅಂಕಲ್ ನೆಲ ನೋಡುತ್ತಿದ್ದರು.

ಆಗ ಸಲಿಕೆಯ ಗೆಳೆಯ ಹೊಸ ಸಲಿಕೆಯೊಡನೆ ಅವರ ಎದುರು ಬಂದು ನಿಂತ. ಇನ್ನೂ ಬೆಳಗಿನ ಹೊತ್ತು, ಆದರೂ ಕೇಳಿದ.

"ಊಟ ಆಯ್ತಾ, ತೀಯೊ?"

ಕೊಡಬೇಕಾದ ಉತ್ತರ ಒಂದೇ ಇತ್ತು. ಅದನ್ನು ಬಿಟ್ಟು ಅಂಕಲ್ "ಹೂಂ" ಎಂದರು. ಅವನು ಸಲಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಾನು ಮಾಡಿದ ಹಾಗೆಯೇ, ಎರಡು ಕೈಯನ್ನೂ ತಲೆಯ ಮೇಲೆ ಜೋಡಿಸಿದ. "ಇನ್ನು ಇದು ನಿಲ್ಲಿಸೋದಕ್ಕೆ. ಇದನ್ನ ನೀನು ತಪ್ಪು ಕೇಳೋದಕ್ಕಾಗಲ್ಲ," ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ರೋಲರ್‌ನವನು ಮೇಲಿನಿಂದಲೇ ಕೈ ಜೋಡಿಸಿ ತೋರಿಸಿದ. ಫೋರ್‌ಮನ್ ಕೂಡ ನಗು ತಡೆಯಲಾರದೆ ಜೋಡಿಸಿದ. ಎಲ್ಲರೂ ಕೈ ಮುಗಿದುಕೊಂಡು ತಮ್ಮ ಸುತ್ತ ನಿಂತದ್ದು ಕಂಡು ಅಂಕಲ್, "ಇದೆಂತ, ನನ್ನನ್ನು ಗರ್ಭಗುಡಿಯಲ್ಲಿ ಕೂರಿಸ್ತೀರಾ?" ಎನ್ನುತ್ತ ಏಣಿ ಹತ್ತಿದರು. ನನಗೆ ನಗುವೂ ಬಂತು, ಅಳುವೂ ಬಂತು.

ಅಂದಿನಿಂದ ಅವರು ಹೊಡೆದ ಪ್ರತಿ ಹಾರ್ನಿಗೂ ಮೊದಲು ಸೀಟಿನಿಂದ ಎದ್ದು ನಿಂತು, ಅವನ ಮುಖ ಹುಡುಕಿ, ಆಮೇಲೆ ಕೂರುತ್ತಿದ್ದರು. ಡೆಲ್ ಮಾರ್‌ನಲ್ಲಿ ಸಮುದ್ರದ ಪಕ್ಕದ ರಸ್ತೆ ಹಾಕುವಾಗ ಎಷ್ಟು ಸಲ ನಿಲ್ಲಿಸಿದರೆಂದರೆ, ಅಲ್ಲಿ ಕಾಫಿ ಲೋಟದ ಮಾತು ಅವರು ಎತ್ತಲೇ ಇಲ್ಲ.

ವುಡ್‌ಲ್ಯಾಂಡ್ ಹಿಲ್ಸ್‌ನ ಆ ದಾರಿಯಲ್ಲಿ ಯಂತ್ರ ಜಗ್ಗಿ ನಿಂತ ಕಡೆ ಅಡ್ಡಕ್ಕೆ ಒಂದು ಉಬ್ಬು ಉಳಿಯಿತು. ಕಟ್ಟಡದ ಮ್ಯಾನೇಜರ್ ಗೊಣಗಿದ. ನಾನು ಉದ್ದದ ಪಟ್ಟಿಯಿಟ್ಟು ಅಳೆದೆ. ಮಿತಿಯೊಳಗೇ ಇತ್ತು, ಆದರೆ ಅಂಚಿನಲ್ಲಿ. ಕೆತ್ತಿ ತೆಗೆಯಬೇಕಾಗಲಿಲ್ಲ. ಬೆಟ್ಟದಾಚೆಯ ದೇವಸ್ಥಾನಕ್ಕೆ ಹೋಗುವ ಒಂದು ಭಾನುವಾರ ಅಂಕಲ್ ತಮ್ಮ ಹೆಂಡತಿಯನ್ನೂ ನಮ್ಮನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಖಾಲಿ ಪಾರ್ಕಿಂಗ್ ಲಾಟ್. ಅವರು ನಡೆದು ಹೋಗಿ, ಚಪ್ಪಲಿಯ ತುದಿಯಿಂದ ಆ ಉಬ್ಬನ್ನು ತೋರಿಸಿದರು.

ಆಂಟಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಬಗ್ಗಿ ನೋಡಿದರು. "ಇದನ್ನು ನೋಡ್ಲಿಕ್ಕೆ ಅಷ್ಟು ದೂರದಿಂದ ಕರ್ಕೊಂಡು ಬಂದ್ರಾ? ಇಂಥದ್ದು ನಮ್ಮ ಊರ ರಸ್ತೆಯಲ್ಲಿ ಮನೆಗೊಂದು ಉಂಟು."

"ಅದು ಬೇರೆ, ಇದು ಬೇರೆ," ಎಂದರು ಅಂಕಲ್. "ನಾನು ಹಾಕಿದ್ದರಲ್ಲಿ ಇದೊಂದೇ ಸರಿಯಾಗಿ ಬಂದದ್ದು."

ಈಗಲೂ ದೇವಸ್ಥಾನಕ್ಕೆ ಹೋಗುವಾಗ ನಾನು ಫ್ರೀವೇ ಬಿಟ್ಟು ಆ ದಾರಿಗೆ ಇಳಿಯುತ್ತೇನೆ. ಕಾರಿನ ಮುಂದಿನ ಚಕ್ರ ದಡ್, ಹಿಂದಿನ ಚಕ್ರ ದಡ್. ಹಿಂದಿನ ಸೀಟಿನಿಂದ ಮಗ, "ವೈ ಡು ವಿ ಆಲ್ವೇಸ್ ಕಮ್ ದಿಸ್ ವೇ, ಅಮ್ಮಾ?" ಎನ್ನುತ್ತಾನೆ. ಒಂದು ಸಲ ಕಥೆ ಪೂರ್ತಿ ಹೇಳಿದೆ. ಕೇಳಿ ಮುಗಿದ ಮೇಲೆ ಅವನು, "ಬಟ್ ಹೀ ಈಸ್ ಓಕೆ, ರೈಟ್?" ಎಂದ. ಓಕೆ, ಎಂದೆ. ಅದನ್ನು ನನ್ನ ಮೈ ನಂಬುವುದಕ್ಕೆ ನನಗೆ ಆ ದಡ್ ಬೇಕು. ಯಂತ್ರ ನಿಂತಿತ್ತು ಎಂಬುದಕ್ಕೆ ನೆಲದಲ್ಲಿ ಉಳಿದದ್ದು ಅದೊಂದೇ.

ಅಂಕಲ್ ನಿವೃತ್ತರಾಗಿದ್ದಾರೆ. ಸಲಿಕೆಯ ಗೆಳೆಯ ಈಗ ತಾನೇ ಒಂದು ತಂಡದ ಫೋರ್‌ಮನ್. ಮೊನ್ನೆ ಅಂಕಲ್ ಫೋನ್ ಮಾಡಿದ್ದರು. ಅವನ ದೊಡ್ಡ ಮಗಳ ಮದುವೆಗೆ ಹೋಗಿ ಬಂದರಂತೆ. ಊಟದ ಹೊತ್ತಿಗೆ ಅಷ್ಟು ಜನರ ನಡುವೆ ಅವನು ದೂರದಿಂದ "ಊಟ ಆಯ್ತಾ, ತೀಯೊ?" ಎಂದು ಕೂಗಿದನಂತೆ.

"ನೀವೇನಂದ್ರಿ?"

"ಆಯ್ತು ಹೇಳಿದೆ. ಜೋರಾಗಿ ಹೇಳಿದೆ. ಎಷ್ಟು ವರ್ಷ ಆಗಿತ್ತು ಮಾರಾಯ್ರೆ." ಆ ಕಡೆಯಿಂದ ಅವರ ನಗು ಕೇಳಿಸಿತು. "ನನ್ನ ಇಂಜಿನ್ ಆಫ್ ಉಂಟು ಈಗ. ನಿಮ್ದು?"

ನಾನು ಬಾಯಿ ತೆರೆದೆ. ಹಳದಿ ಯಂತ್ರ ಬಂದು ನಿಂತಿತು. ಲಾರಿ ಬೀಪ್ ಎಂದಿತು.

"ಹೂಂ, ಅಂಕಲ್," ಎಂದು ಫೋನಿಟ್ಟೆ.